ಒಡವೆ ಮಾರಿದವಳು ಹೂವು ನೋಡಬಾರದೇ?

2024ರ ಜನವರಿಯ ಒಂದು ದಿನ ನಾನು, ನನ್ನ ತಂಗಿ ಮತ್ತು ನಮ್ಮ ಸಂಘದ ಲೆಕ್ಕ ಬರೆಯುವ ಗೆಳತಿ, ಮೂವರೂ ಮಾಗಡಿಯಿಂದ ಬೆಂಗಳೂರಿಗೆ ಹೋದೆವು. ಬೆಳಿಗ್ಗೆ ಪೇಟೆಯಲ್ಲಿ ಅಮ್ಮ ಬಿಟ್ಟುಹೋದ ಒಡವೆ ಮಾರಿದೆವು. ಮಧ್ಯಾಹ್ನ ಲಾಲ್‌ಬಾಗಿಗೆ ಹೋಗಿ ಫಲಪುಷ್ಪ ಪ್ರದರ್ಶನ ನೋಡಿದೆವು. ರಾತ್ರಿ ಎಂಟರ ಹೊತ್ತಿಗೆ ಮನೆ ಸೇರಿದೆವು. ನಡೆದದ್ದು ಇಷ್ಟೇ. ಆದರೆ ಊರಿನಲ್ಲಿ ಈ ಮಾತು ಒಂದು ತಿಂಗಳು ಓಡಾಡಿತು. ಒಡವೆ ಮಾರಿದ್ದನ್ನು, ಪಾಪ ಏನು ಕಷ್ಟವೋ ಎಂದು ಕ್ಷಮಿಸುವವರು ಇದ್ದರು. "ಹೆತ್ತ ತಾಯಿ ಒಡವೆ ಮಾರಿ, ಅದೇ ದಿನ ಹೂವು ನೋಡೋಕೆ ಹೋಗಿದ್ರಂತೆ" ಎಂಬುದನ್ನು ಮಾತ್ರ ಯಾರೂ ಕ್ಷಮಿಸಲಿಲ್ಲ. ನಮ್ಮ ಸಂಘದಲ್ಲಿಯೇ ಇಬ್ಬರು ಹಾಗೆ ಅಂದರು. ಅವರ ಮೇಲೆ ಕೋಪ ತೀರಿಸಿಕೊಳ್ಳಲು ನಾನು ಇದನ್ನು ಬರೆಯುತ್ತಿಲ್ಲ. ಆ ಮಾತಿನ ಹಿಂದೆ ಇರುವ ನಂಬಿಕೆಯನ್ನು ನಾವೆಲ್ಲ ಕೂತು ಯೋಚಿಸಬೇಕಾಗಿದೆ ಎಂದು ಬರೆಯುತ್ತಿದ್ದೇನೆ.

ಮೊದಲು ಆ ಒಡವೆಗಳ ವಿಷಯ. ಎರಡೆಳೆಯ ಗುಂಡಿನ ಸರ ಒಂದು, ಬಳೆ ಎರಡು, ಬೆಂಡೋಲೆ ಒಂದು ಜೊತೆ. ಬೆಂಡೋಲೆ ಅಮ್ಮನ ತವರಿನದು. ಸರ ಮತ್ತು ಬಳೆಯನ್ನು ಅಮ್ಮ ರೇಷ್ಮೆಹುಳು ಸಾಕಿ, ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಮಾರಿದ ಹಣದಲ್ಲಿ ಮಾಡಿಸಿದ್ದು. ಹುಳು ಹಣ್ಣಾಗುವ ಕಾಲದಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟು ದುಡಿದವಳು ಅವಳು. ಆದರೂ ಮನೆಯಲ್ಲಿ ಎಲ್ಲರ ಬಾಯಲ್ಲಿ ಅದು "ಅಪ್ಪ ಮಾಡಿಸಿಕೊಟ್ಟ ಸರ" ಎಂದೇ ಇತ್ತು. ಗೂಡು ಮಾರಿದ ಹಣ ಅಪ್ಪನ ಕೈಗೆ ಬರುತ್ತಿದ್ದುದರಿಂದ ದುಡಿಮೆಯೂ ಅಪ್ಪನದೇ ಎಂದಾಗಿತ್ತು. ಇದು ನಮ್ಮ ಮನೆಯೊಂದರ ಕಥೆಯಲ್ಲ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪ ತೀರಿಹೋದ ಮೇಲೆ, 2021ರಲ್ಲಿ, ಅಮ್ಮ ಒಂದು ಕೆಲಸ ಮಾಡಿದಳು. ನಮ್ಮ ಸಂಘದ ಸಭೆಯಲ್ಲಿ ಉಯಿಲಿನ ಬಗ್ಗೆ ತಿಳಿವಳಿಕೆ ಕೊಟ್ಟಿದ್ದರು. ಅದನ್ನು ಕೇಳಿಸಿಕೊಂಡಿದ್ದ ಅಮ್ಮ ಒಂದು ಬಿಳಿ ಹಾಳೆಯ ಮೇಲೆ "ಈ ಒಡವೆಗಳು ನನ್ನ ಇಬ್ಬರು ಹೆಣ್ಣುಮಕ್ಕಳಿಗೆ ಸಮನಾಗಿ ಸೇರಬೇಕು" ಎಂದು ಬರೆಸಿ, ಸಂಘದ ಇಬ್ಬರು ಹೆಂಗಸರ ಮುಂದೆ ಹೆಬ್ಬೆಟ್ಟು ಒತ್ತಿದಳು. ಅವರಿಬ್ಬರೂ ಅವಳೆದುರಿಗೇ ಸಾಕ್ಷಿ ಸಹಿ ಹಾಕಿದರು. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ಬೇಕು. ಪಾಲು ಪಡೆಯುವವರು ಸಾಕ್ಷಿ ಹಾಕದಿರುವುದು ಒಳ್ಳೆಯದು. ಅಮ್ಮ ಹಾಗೆ ಬರೆಸದೆ ಹೋಗಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳಿಗೂ ಸಮಪಾಲು ಬರುತ್ತಿತ್ತು, ಅಂದರೆ ಅಣ್ಣನಿಗೂ ಮೂರರಲ್ಲಿ ಒಂದು ಪಾಲು. ತಾಯಿಯ ಒಡವೆ ಹೆಣ್ಣುಮಕ್ಕಳಿಗೇ ಎಂಬುದು ನಮ್ಮಲ್ಲಿ ರೂಢಿಯ ಮಾತು, ಕಾಯ್ದೆಯಲ್ಲಿ ಹಾಗಿಲ್ಲ. ಬೇರೆ ಧರ್ಮದ ಸಹೋದರಿಯರಿಗೆ ಉತ್ತರಾಧಿಕಾರದ ನಿಯಮ ಬೇರೆ ಇರುತ್ತದೆ, ಅವರು ವಿಚಾರಿಸಿಕೊಳ್ಳಬೇಕು.

ಅಣ್ಣ ತಕರಾರು ಮಾಡಲಿಲ್ಲ. ಆದರೆ ಒಡವೆ ನಮ್ಮ ಕೈಗೆ ಕೊಡುವಾಗ "ಇದು ತಗೊಂಡ್ರಿ ಅಂದ್ಮೇಲೆ ಜಮೀನಿನ ಮಾತು ಎತ್ತಬೇಡ್ರವ್ವ" ಎಂದ. ಗೆಳತಿಯರೇ, ಈ ಮಾತನ್ನು ಎಷ್ಟು ಮನೆಗಳಲ್ಲಿ ಕೇಳಿದ್ದೀರಿ? ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು 2005ರ ತಿದ್ದುಪಡಿಯಿಂದ ಬಂದಿದೆ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಮ್ಮನ ಸರಕ್ಕೂ ಅಪ್ಪನ ಜಮೀನಿಗೂ ಸಂಬಂಧವಿಲ್ಲ. ಹೆಣ್ಣುಮಕ್ಕಳಿಗೆ ಚಿನ್ನ ತೋರಿಸಿ ನೆಲ ಬಿಡಿಸುವುದು ನಮ್ಮಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ನಾವು ಆ ದಿನ ಏನೂ ಹೇಳಲಿಲ್ಲ, ಯಾವ ಪತ್ರಕ್ಕೂ ಸಹಿ ಹಾಕಲಿಲ್ಲ.

ಇನ್ನು ಮಾರಿದ್ದು ಏಕೆ? ತಂಗಿಯ ವಿಷಯ ಹೇಳದೆ ಇದು ಅರ್ಥವಾಗುವುದಿಲ್ಲ. 2011ರಲ್ಲಿ ಅವಳ ಮದುವೆ ಮಾಡುವಾಗ ತವರಿನಿಂದ 80 ಗ್ರಾಂ ಚಿನ್ನ ಹಾಕಿದ್ದೆವು. "ನಾವು ವರದಕ್ಷಿಣೆ ಕೇಳೋರಲ್ಲ, ನಿಮ್ಮ ಮಗಳಿಗೆ ನೀವು ಹಾಕ್ಕೊಳ್ಳಿ" ಎಂದಿದ್ದರು ಗಂಡಿನ ಕಡೆಯವರು. ವರ್ಷ ತುಂಬುವುದರೊಳಗೆ ಸರ ಗಿರವಿಗೆ ಹೋಯಿತು, ಆಮೇಲೆ ಬಳೆ, ಆಮೇಲೆ ಓಲೆ. ಕೇಳಿದರೆ ಏಟು. ಕೊನೆಗೆ 2018ರಲ್ಲಿ ಉಟ್ಟ ಸೀರೆಯಲ್ಲಿ ಮಗುವನ್ನು ಎತ್ತಿಕೊಂಡು ತವರಿಗೆ ಬಂದಳು. ಹಿರಿಯರು ಪಂಚಾಯಿತಿ ಸೇರಿ ಒಡವೆ ಕೊಡಿ ಎಂದಾಗ ಅವಳ ಗಂಡ ಹೇಳಿದ್ದು: "ಯಾವ ಒಡವೆ? ಚೀಟಿ ಎಲ್ಲಿದೆ?" ನಮ್ಮಲ್ಲಿ ಚೀಟಿ ಇರಲಿಲ್ಲ. ಮಾಡಿಸಿದ ಅಂಗಡಿಯ ರಸೀದಿಯನ್ನು ಯಾರೂ ಎತ್ತಿಟ್ಟಿರಲಿಲ್ಲ. ಮದುವೆಯಲ್ಲಿ ಕೊಟ್ಟ ಉಡುಗೊರೆಗಳ ಪಟ್ಟಿ ಬರೆದು ಎರಡೂ ಕಡೆಯವರು ಸಹಿ ಹಾಕಬೇಕೆಂದು 1985ರಿಂದಲೂ ನಿಯಮವಿದೆ ಎಂದು ನಮಗೆ ಗೊತ್ತಾದದ್ದು ಆಮೇಲೆ. ಮದುವೆಮನೆಯಲ್ಲಿ ಐದು ರೂಪಾಯಿ ಮುಯ್ಯಿ ಹಾಕಿದವರ ಹೆಸರನ್ನೂ ಬರೆದಿಟ್ಟಿದ್ದೆವು. ಮಗಳ ಮೈಮೇಲಿನ 80 ಗ್ರಾಂ ಚಿನ್ನವನ್ನು ಬರೆದಿಡಲಿಲ್ಲ.

ಹಾಗಾಗಿ ಅಮ್ಮನ ಒಡವೆ ಕೈಗೆ ಬಂದಾಗ ತಂಗಿ ಒಂದೇ ಮಾತು ಹೇಳಿದಳು: "ಅಕ್ಕ, ಇದು ಯಾರ ಬೀರೂಗೂ ಹೋಗೋದು ಬೇಡ." ಅವಳಿಗೆ ಹೊಲಿಗೆಯ ಕೆಲಸ ಬರುತ್ತದೆ. ಊರಿನಲ್ಲಿ ಒಂದು ಸಣ್ಣ ಮಳಿಗೆಗೆ ಮುಂಗಡ ಕೊಟ್ಟು, ಮೋಟಾರಿನ ಹೊಲಿಗೆ ಯಂತ್ರ ಹಾಕಿಕೊಳ್ಳಬೇಕೆಂದಿದ್ದಳು. ನನ್ನ ಮಗಳು ಆಗ ನರ್ಸಿಂಗ್ ಓದುತ್ತಿದ್ದಳು, ಶುಲ್ಕ ಬಾಕಿ ಇತ್ತು. "ಮಗಳ ಮದುವೆಗೆ ಇಡೋದು ಬಿಟ್ಟು ಓದಿಗೆ ಮಾರ್ತಾಳಂತೆ" ಎಂದರು ನೆಂಟರು. ನಮ್ಮ ಮನೆಯವರು ಬೇಡವೆನ್ನಲಿಲ್ಲ. ಆದರೆ "ನಾನೇ ಹೋಗಿ ಮಾರ್ಕೊಂಡು ಬರ್ತೀನಿ, ನಿಮಗೇನು ಗೊತ್ತಾಗುತ್ತೆ" ಎಂದರು. ನಾವೇ ಹೋಗುತ್ತೇವೆ ಎಂದಾಗ ಎರಡು ದಿನ ಮಾತು ಬಿಟ್ಟರು. ಅವರು ಕೆಟ್ಟವರಲ್ಲ. ಹೆಂಡತಿಯ ಒಡವೆ ಮಾರುವುದು ಗಂಡಸಿನ ಕೆಲಸ, ಹಾಕಿಕೊಳ್ಳುವುದು ಮಾತ್ರ ಹೆಂಗಸಿನ ಕೆಲಸ ಎಂದು ಅವರು ಕಲಿತಿದ್ದರು. ನಾನೂ ಅದನ್ನೇ ಕಲಿತಿದ್ದೆ.

ಬೆಳಿಗ್ಗೆ ಬಸ್ಸಿನಲ್ಲಿ ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆದೆವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿಗೆಂದು ಮನೆಯಲ್ಲಿ ಕೈಚಾಚುವುದು ತಪ್ಪಿದೆ. ಮಾರ್ಕೆಟ್ಟಿನಲ್ಲಿ ಇಳಿದು ಅವೆನ್ಯೂ ರಸ್ತೆಯ ಕಡೆ ನಡೆದೆವು. ಮೊದಲು ಹೊಕ್ಕ ಅಂಗಡಿಯಲ್ಲಿ ಕೇಳಿದ ಮೊದಲ ಪ್ರಶ್ನೆ "ಯಜಮಾನ್ರು ಬರ್ಲಿಲ್ವಾಮ್ಮ?" ಎಂಬುದು. ಸರವನ್ನು ಒರೆಗಲ್ಲಿಗೆ ಒಂದು ಗೆರೆ ಎಳೆದು, ತಕ್ಕಡಿಗೆ ಹಾಕಿ, ಲೆಕ್ಕ ತೋರಿಸದೆ "ಹಳೇ ಮಾಲು, ಒಳಗೆಲ್ಲ ಅರಗು, ಜಿಎಸ್‌ಟಿ ಬೇರೆ ಹೋಗುತ್ತೆ, ಒಟ್ಟು 1,75,000 ಕೊಡ್ತೀನಿ" ಎಂದರು. ಮನೆಯ ಹಳೆಯ ಒಡವೆ ಮಾರುವ ನಮ್ಮಂಥವರಿಂದ ಜಿಎಸ್‌ಟಿ ಹಿಡಿಯುವಂತಿಲ್ಲ ಎಂದು ನಮ್ಮ ಗೆಳತಿ ಬ್ಯಾಂಕಿನಲ್ಲಿ ವಿಚಾರಿಸಿಕೊಂಡು ಬಂದಿದ್ದಳು. ಒಡವೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದೆವು. ಮೆಟ್ಟಿಲು ಇಳಿಯುವಾಗ ನನ್ನ ಕಾಲು ನಡುಗುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಎರಡನೆಯ ಅಂಗಡಿಯಲ್ಲಿ ಲೆಕ್ಕ ಬಿಡಿಸಿ ಹೇಳಿದರು. ಎಲ್ಲ ಸೇರಿ 48 ಗ್ರಾಂ ತೂಗಿತು. ಗುಂಡಿನೊಳಗಿನ ಅರಗು, ಬೆಂಡೋಲೆಯ ಕಲ್ಲು, ದಾರ ತೆಗೆದ ಮೇಲೆ 42 ಗ್ರಾಂ. ನಮ್ಮೆದುರಿಗೇ ಮೂಸೆಯಲ್ಲಿ ಕರಗಿಸಿ ಯಂತ್ರದಲ್ಲಿ ಪರೀಕ್ಷೆ ಮಾಡಿದರು. ಇಪ್ಪತ್ತು ಕ್ಯಾರೆಟ್ ಬಂತು, ಅಂದರೆ ಆರು ಪಾಲಿನಲ್ಲಿ ಐದು ಪಾಲು ಅಪ್ಪಟ ಚಿನ್ನ. ಹಳೆಯ ಒಡವೆಯಲ್ಲಿ ಬೆಸುಗೆ ಹೆಚ್ಚಿರುವುದರಿಂದ ಹೀಗಾಗುತ್ತದೆ. ಹಾಲ್‌ಮಾರ್ಕ್ ಇಲ್ಲದಿದ್ದರೂ ಮನೆಯ ಹಳೆಯ ಒಡವೆಯನ್ನು ಮಾರಲು ಅಡ್ಡಿಯಿಲ್ಲ. ಹಾಲ್‌ಮಾರ್ಕ್ ಕಡ್ಡಾಯವಿರುವುದು ಅಂಗಡಿಯವರು ಮಾರುವ ಒಡವೆಗೆ. ಅಪ್ಪಟ ಚಿನ್ನ 35 ಗ್ರಾಂ. ಆ ದಿನದ ದರ ಗ್ರಾಂಗೆ 6,300 ರೂಪಾಯಿ. ಒಟ್ಟು 2,20,500. ಅದರಲ್ಲಿ ಅಂಗಡಿಯವರು ನೂರಕ್ಕೆ ಎರಡು ಹಿಡಿದುಕೊಂಡು 2,16,090 ರೂಪಾಯಿ ಕೊಟ್ಟರು. ಒಂದು ಅಂಗಡಿಗೂ ಇನ್ನೊಂದಕ್ಕೂ 41,090 ರೂಪಾಯಿ ವ್ಯತ್ಯಾಸ. ಮೆಟ್ಟಿಲು ಇಳಿಯುವ ಧೈರ್ಯಕ್ಕೆ ಸಿಕ್ಕ ಕೂಲಿ ಅದು.

ಒಡವೆ ಕರಗುವಾಗ ತಂಗಿ ಅತ್ತಳು. ನನಗೂ ತಡೆಯಲಾಗಲಿಲ್ಲ. ಗುಂಡುಗಳೆಲ್ಲ ಒಂದಾಗಿ ಕೆಂಪಗೆ ಹೊಳೆಯುವ ಒಂದು ಹನಿಯಾದಾಗ ಅಮ್ಮನ ಕುತ್ತಿಗೆ ಕಣ್ಣಮುಂದೆ ಬಂತು. ಅಂಗಡಿಯವರು ಒಂದು ಲೋಟ ನೀರು ಕೊಟ್ಟು, "ಹಣ ಯಾರ ಖಾತೆಗೆ ಹಾಕಲಿ, ಯಜಮಾನ್ರ ನಂಬರು ಕೊಡ್ತೀರಾ?" ಎಂದು ಕೇಳಿದರು. ಇಬ್ಬರೂ ನಮ್ಮ ನಮ್ಮ ಪಾಸ್‌ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟೆವು. ಸಂಘದ ಉಳಿತಾಯಕ್ಕೆಂದು ತೆರೆದ ಖಾತೆಗಳು ಅವು. ಒಬ್ಬೊಬ್ಬರಿಗೆ 1,08,045 ರೂಪಾಯಿ ಬಂತು.

ಆಗ ಹೊತ್ತು ಒಂದೂವರೆ. ಊರಿಗೆ ವಾಪಸು ಹೋಗಬಹುದಿತ್ತು. ನಮ್ಮ ಗೆಳತಿ "ಲಾಲ್‌ಬಾಗಿನಲ್ಲಿ ಫ್ಲವರ್ ಶೋ ಇದೆ, ನಾನು ಈವರೆಗೂ ನೋಡಿಲ್ಲ" ಎಂದಳು. ಅವಳಿಗೆ 52 ವರ್ಷ. ಐವತ್ತು ಕಿಲೋಮೀಟರು ಆಚೆಗೆ ಹುಟ್ಟಿ ಬೆಳೆದವಳು, ಆಸ್ಪತ್ರೆಗೂ ಮದುವೆಗೂ ಸಾವಿಗೂ ಎಷ್ಟೋ ಸಲ ಬೆಂಗಳೂರಿಗೆ ಬಂದವಳು ಲಾಲ್‌ಬಾಗ್ ನೋಡಿರಲಿಲ್ಲ. ಚಿಕ್ಕಪೇಟೆಯಲ್ಲಿ ಮೆಟ್ರೊ ಹತ್ತಿದರೆ ಮೂರನೆಯ ನಿಲ್ದಾಣ ಲಾಲ್‌ಬಾಗ್. ಹೋದೆವು.

ಜನವರಿಯ ಬಿಸಿಲಿಗೆ ಸುಡುವ ಗುಣ ಇರುವುದಿಲ್ಲ. ಎಲೆಯೆಲ್ಲ ಉದುರಿಸಿಕೊಂಡು ಮೈತುಂಬ ಗುಲಾಬಿ ಬಣ್ಣದ ಹೂ ಬಿಟ್ಟ ಮರಗಳಿದ್ದವು. 1760ರಲ್ಲಿ ಹೈದರಾಲಿ ಹಾಕಿಸಿದ ತೋಟ; ಇಂದು ಸುಮಾರು 240 ಎಕರೆ. ಬಂಡೆಯ ಮೇಲಿನ ಕೆಂಪೇಗೌಡರ ಗೋಪುರ ನೋಡಿ ತಂಗಿ "ನಮ್ಮೂರ ಕಡೆಯೋರ್ದು" ಎಂದು ಹೆಮ್ಮೆಪಟ್ಟಳು. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ್ದಂತೆ. ಲಂಡನ್ನಿನ ಸ್ಫಟಿಕ ಅರಮನೆಯ ಮಾದರಿಯಲ್ಲಿ ಕಬ್ಬಿಣದ ಕಂಬ ನಿಲ್ಲಿಸಿ ಗಾಜು ಹೊದಿಸಿದ್ದಾರೆ. ಅಲ್ಲಿನ ಚಳಿಗಾಲದಲ್ಲಿ ಹಿಮ ಬಿದ್ದು ಗಿಡ ಸಾಯುತ್ತದೆಂದು ಗಾಜಿನ ಮನೆಯೊಳಗೆ ಬೆಳೆಸುತ್ತಾರೆ. ನಮ್ಮ ಚಳಿಯಲ್ಲಿ ಗಿಡಕ್ಕೆ ಆ ರಕ್ಷಣೆ ಬೇಕಿಲ್ಲ, ಬಯಲಿನಲ್ಲೇ ಸೇವಂತಿಗೆ ಅರಳುತ್ತದೆ. ಹೆಣ್ಣಿಗೆ ರಕ್ಷಣೆ ಬೇಕು ಎಂದು ಹೇಳಿ ಒಳಗೆ ಕೂರಿಸುವವರ ನೆನಪು ನನಗೆ ಅಲ್ಲಿ ಬಂತು.

ಆ ವರ್ಷದ ಪ್ರದರ್ಶನ ಬಸವಣ್ಣನವರ ಬಗ್ಗೆ. ಗಾಜಿನ ಮನೆಯೊಳಗೆ ಹೂವಿನಲ್ಲಿ ಅನುಭವ ಮಂಟಪ ಕಟ್ಟಿದ್ದರು. ನೂಕುನುಗ್ಗಲಿನಲ್ಲಿ ಅದರ ಮುಂದೆ ನಿಂತಾಗ ಗೆಳತಿ ಅಕ್ಕಮಹಾದೇವಿಯ ಮಾತೆತ್ತಿದಳು. ಅಕ್ಕ ಅರಮನೆಯನ್ನೂ ಒಡವೆ ವಸ್ತ್ರವನ್ನೂ ಬಿಟ್ಟು ಹೊರಟವಳು. "ನಮ್ಮ ಕೈಲಿ ಹಂಗೆ ಬಿಟ್ಟು ಹೋಗೋಕಾಗಲ್ಲ, ಮಕ್ಕಳಿದಾವೆ" ಎಂದಳು ತಂಗಿ. ನಿಜ. ಎಲ್ಲವನ್ನೂ ಬಿಟ್ಟು ಹೊರಟ ಅಕ್ಕನನ್ನು ನಾವು ಪೂಜಿಸುತ್ತೇವೆ. ಎಲ್ಲವನ್ನೂ ಗಂಡನ ಮನೆಯಲ್ಲಿ ಬಿಟ್ಟು ಉಟ್ಟ ಬಟ್ಟೆಯಲ್ಲಿ ಬಂದ ನನ್ನ ತಂಗಿಯಂಥವರಿಗೆ "ಸ್ವಲ್ಪ ಹೊಂದಿಕೊಂಡು ಹೋಗಬೇಕಿತ್ತು" ಎನ್ನುತ್ತೇವೆ. ನಮ್ಮಂಥ ಸಂಸಾರಸ್ಥ ಹೆಂಗಸರಿಗೆ ಉಳಿದಿರುವ ದಾರಿ, ನಮ್ಮದನ್ನು ಲೆಕ್ಕ ಹಾಕಿ ಕೇಳಿ ಪಡೆಯುವುದು.

ಅಲ್ಲಿ ಒಂದು ಕಲ್ಲುಬೆಂಚಿನ ಮೇಲೆ ಕೂತು ಮನೆಯಿಂದ ತಂದ ಚಿತ್ರಾನ್ನ ತಿಂದೆವು. ಮೂರು ಗಂಟೆ ಕಾಲ ಯಾರಿಗೂ ಅಡುಗೆ ಮಾಡಲಿಲ್ಲ, ಯಾರಿಗೂ ಉತ್ತರ ಹೇಳಲಿಲ್ಲ. ತಂಗಿ ನಕ್ಕಿದ್ದನ್ನು ಎಷ್ಟೋ ವರ್ಷಗಳ ನಂತರ ಕಂಡೆ. ಊರು ಕ್ಷಮಿಸದೆ ಹೋದದ್ದು ಈ ಮೂರು ಗಂಟೆಯನ್ನು.

ಏಕೆ? ಹೆಂಗಸು ಒಡವೆ ಮಾರುವುದೆಂದರೆ ಸೋತು, ಅತ್ತು, ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಮಾರಬೇಕು. ಗಂಡನ ಸಾಲಕ್ಕೆ ಮಾರಿದರೆ ಅವಳು ಪತಿವ್ರತೆ. ನಾದಿನಿಯ ಮದುವೆಗೆ ಕೊಟ್ಟರೆ ದೊಡ್ಡ ಮನಸ್ಸಿನವಳು. ತನ್ನ ಬಾಳಿಗೆಂದು, ಮಗಳ ಓದಿಗೆಂದು ತಲೆಯೆತ್ತಿ ಮಾರಿ, ಸಂಜೆಯತನಕ ಹೂವಿನ ನಡುವೆ ಕೂತು ಬಂದರೆ ಗಂಡುಬೀರಿ. ಒಡವೆ ಅವಳದೇ ಎಂದು ಎಲ್ಲರೂ ಒಪ್ಪುತ್ತಾರೆ, ಅವಳು ಅದನ್ನು ತನ್ನದೆಂಬಂತೆ ನಡೆಸಿಕೊಳ್ಳುವವರೆಗೆ ಮಾತ್ರ. "ಚಿನ್ನ ಹೆಣ್ಣಿನ ಆಪತ್ಕಾಲಕ್ಕೆ" ಎನ್ನುತ್ತೇವಲ್ಲ, ತಂಗಿಗೆ ಆಪತ್ತು ಬಂದಾಗ 80 ಗ್ರಾಂ ಎಲ್ಲಿತ್ತು?

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ನಾವು ಮಾರಿದ ಮೇಲೆ ಚಿನ್ನದ ದರ ಏರುತ್ತಲೇ ಹೋಗಿ 2025ರಲ್ಲಿ ಎರಡು ಪಟ್ಟಾಯಿತು. "ನೋಡಿದ್ರಾ, ಇಟ್ಕೊಂಡಿದ್ರೆ ನಾಲ್ಕು ಲಕ್ಷ ಆಗ್ತಿತ್ತು" ಎಂದು ಈಗಲೂ ಚುಚ್ಚುತ್ತಾರೆ. ದರದ ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ ತಂಗಿ ಆ ಮಳಿಗೆಯಲ್ಲಿ ಅಂದಿನಿಂದ ದುಡಿಯುತ್ತಿದ್ದಾಳೆ, ಬಾಡಿಗೆ ಕಟ್ಟಿ ಮಗುವನ್ನು ಓದಿಸುತ್ತಿದ್ದಾಳೆ. ನನ್ನ ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಎಲ್ಲರೂ ಒಡವೆ ಮಾರಿರಿ ಎಂದು ನಾನು ಹೇಳುತ್ತಿಲ್ಲ. ಇಟ್ಟುಕೊಳ್ಳುವುದು ಲಾಭವಾದರೆ ಇಟ್ಟುಕೊಳ್ಳಿ. ಇಡುವ ಮಾತೂ ಮಾರುವ ಮಾತೂ ನಮ್ಮ ಬಾಯಿಂದ ಬರಲಿ ಎನ್ನುತ್ತಿದ್ದೇನೆ.

ಕಾನೂನು ಈ ವಿಷಯದಲ್ಲಿ ನಮ್ಮ ಕಡೆಗಿದೆ. ಹಿಂದೂ ಹೆಂಗಸಿನ ಕೈಗೆ ಉತ್ತರಾಧಿಕಾರದಿಂದಲೋ ಉಡುಗೊರೆಯಿಂದಲೋ ದುಡಿಮೆಯಿಂದಲೋ ಬಂದ ಆಸ್ತಿ ಸಂಪೂರ್ಣವಾಗಿ ಅವಳದೇ ಎಂದು 1956ರ ಕಾಯ್ದೆಯ 14ನೇ ಕಲಂ ಹೇಳುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಂ ಪ್ರಕಾರ, ಮದುವೆಯಲ್ಲಿ ವರದಕ್ಷಿಣೆಯಾಗಿ ಬೇರೆಯವರು ಪಡೆದದ್ದನ್ನೂ ಮೂರು ತಿಂಗಳೊಳಗೆ ಹೆಣ್ಣಿಗೆ ಒಪ್ಪಿಸಬೇಕು. ಸ್ತ್ರೀಧನವನ್ನು ಕೇಳಿದಾಗ ಕೊಡದಿರುವುದು ನಂಬಿಕೆ ದ್ರೋಹದ ಅಪರಾಧ ಎಂದು ಸುಪ್ರೀಂ ಕೋರ್ಟು 1985ರಲ್ಲಿಯೇ ಹೇಳಿತು. 2024ರ ಏಪ್ರಿಲ್‌ನಲ್ಲಿ, ನಾವು ಒಡವೆ ಮಾರಿ ಬಂದ ಮೂರು ತಿಂಗಳಿಗೆ, ಅದೇ ಕೋರ್ಟು ಮತ್ತೆ ಹೇಳಿತು: ಸ್ತ್ರೀಧನದ ಮೇಲೆ ಗಂಡನಿಗೆ ಯಾವ ಅಧಿಕಾರವೂ ಇಲ್ಲ, ಕಷ್ಟಕ್ಕೆ ಬಳಸಿಕೊಂಡರೂ ಹಿಂದಿರುಗಿಸುವ ಹೊಣೆ ಅವನದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ, ಹೆಂಗಸಿನ ಒಡವೆಯನ್ನು ಅವಳಿಂದ ಕಸಿದು ಮಾರುವುದೂ ಆರ್ಥಿಕ ದೌರ್ಜನ್ಯವೇ. ಅದು ಎಲ್ಲ ಧರ್ಮದ ಹೆಂಗಸರಿಗೂ ಅನ್ವಯಿಸುತ್ತದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮಲ್ಲಿ ಸಂರಕ್ಷಣಾಧಿಕಾರಿ. ಅಲ್ಲಿಗೆ ಹೋಗಲಾಗದವರು 181ಕ್ಕೆ ಫೋನು ಮಾಡಬಹುದು. ತಂಗಿಯೂ ಈ ಕಾಯ್ದೆಯಡಿ ಅರ್ಜಿ ಹಾಕಿದ್ದಾಳೆ. ಚೀಟಿಯಿಲ್ಲದ ಕಾರಣ ಮದುವೆಯ ಫೋಟೋಗಳನ್ನು ಹುಡುಕಿ ಒಂದೊಂದು ಒಡವೆಯನ್ನೂ ಗುರುತು ಮಾಡಿ ಕೊಟ್ಟಿದ್ದೇವೆ. ತೀರ್ಪು ಇನ್ನೂ ಬಂದಿಲ್ಲ.

ಆ ಬೆಂಗಳೂರಿನ ದಿನದ ನಂತರ ನಮ್ಮ ಸಂಘದಲ್ಲಿ ಒಂದು ನಿರ್ಣಯ ಮಾಡಿದೆವು. ಪ್ರತಿಯೊಬ್ಬ ಸದಸ್ಯೆಯೂ ತನ್ನ ಒಡವೆಯ ಹೆಸರು, ತೂಕ, ಎಲ್ಲಿಂದ ಬಂತು, ಈಗ ಎಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದು, ಫೋಟೋ ತೆಗೆದು, ಇಬ್ಬರ ಸಹಿ ಹಾಕಿಸಿ ಒಂದು ಪ್ರತಿಯನ್ನು ಸಂಘದಲ್ಲಿ ಇಡಬೇಕು. ಹಾಳೆ ತುಂಬಿಸಲು ಕೂತಾಗ ಇಪ್ಪತ್ತು ಮಂದಿಯಲ್ಲಿ ಏಳು ಮಂದಿ ಕೊನೆಯ ಪ್ರಶ್ನೆಯ ಹತ್ತಿರ ಪೆನ್ನು ಕೆಳಗಿಟ್ಟರು. ಒಡವೆ ಈಗ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಹೂವು ನೋಡಿದ್ದಕ್ಕೆ ನನ್ನನ್ನು ಬೈದಿದ್ದ ಇಬ್ಬರೂ ಆ ಏಳು ಮಂದಿಯಲ್ಲಿದ್ದರು. ಆ ದಿನ ಯಾರೂ ಯಾರನ್ನೂ ಬೈಯಲಿಲ್ಲ.

ನಿಮ್ಮ ಸಂಘದಲ್ಲಿಯೂ ಆ ಹಾಳೆ ಇಡಿ. ಮಗಳ ಮದುವೆಗೆ ಒಪ್ಪುವ ಮುಂಚೆ ಅವಳ ಹೆಸರಿನ ಖಾತೆ ತೆರೆಯಿರಿ. ಒಡವೆ ಮಾರುವ ದಿನ ಬಂದರೆ ಒಬ್ಬರೇ ಹೋಗಬೇಡಿ, ಗೆಳತಿಯರನ್ನು ಕರೆದುಕೊಂಡು ಹೋಗಿ. ಎರಡು ಅಂಗಡಿಯಲ್ಲಾದರೂ ಕೇಳಿ. ಎದುರಿಗೇ ತೂಕ ಹಾಕಿಸಿ. ಕೆಲಸ ಮುಗಿದ ಮೇಲೆ ಹೊತ್ತು ಉಳಿದಿದ್ದರೆ, ಹತ್ತಿರದಲ್ಲಿ ತೋಟವಿದ್ದರೆ, ಸ್ವಲ್ಪ ಹೊತ್ತು ಕೂತು ಬನ್ನಿ. ಈ ಜನವರಿಯಲ್ಲಿ ನಮ್ಮ ಸಂಘದಿಂದ ಲಾಲ್‌ಬಾಗಿಗೆ ಹೋಗಲು ಹದಿನಾಲ್ಕು ಮಂದಿ ಹೆಸರು ಕೊಟ್ಟಿದ್ದಾರೆ. ಈ ಸಲ ಮಾರಲು ಏನೂ ಇಲ್ಲ. ಹೂವು ನೋಡುವುದಕ್ಕೇ ಹೋಗುತ್ತಿದ್ದೇವೆ.